ರೋಸಿಯ ಮಡಿಲಕ್ಕಿ

ಭಯವಾದಾಗಲೆಲ್ಲ ರೋಸಿ ಕೈ ಮುಗಿಯುತ್ತಿದ್ದಳು. ಗುಡುಗಿದರೆ ಮುಗಿಯುತ್ತಿದ್ದಳು, ಹೊಸಬರು ಬಂದರೆ ಮುಗಿಯುತ್ತಿದ್ದಳು, ಕಾವಲಿನ ಶ್ರೀಕರ ಕಬ್ಬಿಣದ ಬಾಗಿಲನ್ನು ಜೋರಾಗಿ ಎಳೆದರೂ ಮುಗಿಯುತ್ತಿದ್ದಳು. ನೋಡಿದವರು ನಕ್ಕು, ಮನುಷ್ಯರಿಗಿಂತ ಈ ಚಿಂಪಾಂಜಿಗೇ ಮರ್ಯಾದೆ ಗೊತ್ತು ಎನ್ನುತ್ತಿದ್ದರು. ಪುಷ್ಪಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಎದೆಯ ಹತ್ತಿರ ಸೇರಿದ ಆ ಬೆರಳುಗಳು ನಡುಗುವುದನ್ನು ಅವಳು ಜಾಲರಿಯ ಈಚೆ ಕೂತು ದಿನಾ ಕಂಡವಳು.

ಯಾರೋ ಶ್ರೀಮಂತರ ಬಂಗಲೆಯಲ್ಲಿ ಫ್ರಾಕು ಹಾಕಿಸಿಕೊಂಡು, ಬಂದವರಿಗೆಲ್ಲ ಕೈ ಮುಗಿದು, ಟೀ ಟ್ರೇ ಹಿಡಿದು ಬೆಳೆದ ಹೆಣ್ಣು ರೋಸಿ. ಅರಣ್ಯ ಇಲಾಖೆಯವರು ಬಿಡಿಸಿ ತಂದು ಇಲ್ಲಿಗೆ ಒಪ್ಪಿಸಿದ್ದರು. ಇಲ್ಲಿಗೆ ಎಂದರೆ ಮಾಸ್ತಿಕಟ್ಟೆಯಿಂದ ಒಂದಿಷ್ಟು ಒಳಗೆ, ಅಣೆಕಟ್ಟೆಯ ಕೆಲಸ ನಡೆಯುವಾಗ ಕಟ್ಟಿ ಆಮೇಲೆ ಖಾಲಿ ಬಿದ್ದಿದ್ದ ಕ್ವಾರ್ಟರ್ಸಿನ ಜಾಗಕ್ಕೆ. ಒಂದು ಟ್ರಸ್ಟಿನವರು ಅಲ್ಲಿ ಎತ್ತರದ ಬೇಲಿ ಹಾಕಿ, ಸರ್ಕಸ್ಸಿನಿಂದ, ಕಳ್ಳಸಾಗಣೆಯವರಿಂದ ಬಿಡಿಸಿದ ಚಿಂಪಾಂಜಿಗಳನ್ನು ಸಾಕುತ್ತಿದ್ದರು. ಊರಿನವರು ಅದಕ್ಕೆ ಮಂಗನ ಆಶ್ರಮ ಎಂದು ಹೆಸರಿಟ್ಟಿದ್ದರು. ಮಂಗನ ಕಾಯಿಲೆಯಿಂದ ಜನ ಸತ್ತ ಊರುಗಳು ಸುತ್ತಮುತ್ತ ಇರುವಾಗ ಇವರಿಗೆ ಬೇರೆ ಪ್ರಾಣಿ ಸಿಗಲಿಲ್ಲವೇ ಎಂಬ ಗೊಣಗಾಟವೂ ಇತ್ತು.

ಪುಷ್ಪಮ್ಮ ಅಲ್ಲಿನ ಅಡುಗೆಮನೆಯ ಕೆಲಸಕ್ಕೆ ಸೇರಿದವಳು. ಗೆಣಸು ಬೇಯಿಸುವುದು, ರಾಗಿ ಉಂಡೆ ಕಟ್ಟುವುದು, ಹಲಸಿನ ಹಣ್ಣು ಬಿಡಿಸುವುದು. ಗಂಡ ಗುತ್ಯಪ್ಪ ಹೊಸನಗರ–ಸಾಗರದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಮಗಳು ಬಿಂದು ಶಿವಮೊಗ್ಗದಲ್ಲಿ ನರ್ಸು. ಮನೆಯಲ್ಲಿ ಇಬ್ಬರಿಗೆ ಅಡುಗೆ ಮಾಡಿ ಉಳಿಯುವ ಹೊತ್ತನ್ನು ಎಲ್ಲಿ ಇಡುವುದೆಂದು ತಿಳಿಯದೆ ಬಂದವಳು ಅವಳು.

ಬಂದ ಹೊಸತರಲ್ಲಿ ರೋಸಿ ಏನನ್ನೂ ತಿನ್ನಲಿಲ್ಲ. ಪಶುವೈದ್ಯೆ ಭಾವನಾ, ತೀರ್ಥಹಳ್ಳಿಯ ಹುಡುಗಿ, ಬೇರೆ ದಾರಿ ಕಾಣದೆ, ‘ಪುಷ್ಪಮ್ಮ, ನೀವು ಸುಮ್ನೆ ಅದರ ಹತ್ರ ಕೂತ್ಕೊಳಿ. ಮಾತಾಡೋದು ಬೇಡ, ಏನೂ ಬೇಡ,’ ಎಂದಿದ್ದಳು. ಸುಮ್ಮನೆ ಕೂತುಕೊಳ್ಳುವುದು ಪುಷ್ಪಮ್ಮನಿಗೆ ಹೊಸ ಕೆಲಸ. ಕೂತಳು. ಒಂದು ದಿನ ಜಾಲರಿಯಿಂದ ಒಂದು ಉದ್ದನೆಯ ಕಪ್ಪು ಬೆರಳು ಈಚೆ ಬಂದು ಅವಳ ಮುಂಗೈಯ ಮೇಲಿನ ಸುಟ್ಟ ಕಲೆಯನ್ನು ಮುಟ್ಟಿತು. ಗಂಜಿ ಬಸಿಯುವಾಗ ಆದ ಹಳೆಯ ಕಲೆ. ರೋಸಿ ತುಟಿ ಮುಂದೆ ಮಾಡಿ, ಕಣ್ಣು ಕಿರಿದು ಮಾಡಿ, ಅದನ್ನು ಕೆರೆದು ನೋಡಿದಳು. ಇದು ಯಾವಾಗ ಆಯಿತು, ಈಗಲೂ ನೋಯುತ್ತದೆಯೇ ಎಂದು ಕೇಳುವವಳಂತೆ. ಆಮೇಲೆ ಕೂದಲು. ಒಂದೊಂದೇ ಎಳೆ ಬಿಡಿಸಿ ನೋಡುತ್ತ ಅಡುಗೆಮನೆಯ ಕುಕ್ಕರು ಕೂಗುವವರೆಗೂ ಕೂರುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಪುಷ್ಪಮ್ಮನ ಕೈಯಿಂದ ಬೇಕಾದದ್ದು ತೆಗೆದುಕೊಂಡವರಿದ್ದರು. ಆ ಕೈಯನ್ನೇ ಹೀಗೆ ತಿರುಗಿಸಿ ನೋಡಿದವರು ಇರಲಿಲ್ಲ. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಗುತ್ಯಪ್ಪನಿಗೆ ಹೇಳಿದರೆ ಬಸ್ಸಿಗೆಲ್ಲ ಹೇಳುತ್ತಿದ್ದ.

ಆಶ್ರಮದಲ್ಲಿ ಮೊದಲಿನಿಂದ ಇದ್ದವು ನಾಲ್ಕು. ಸರ್ಕಸ್ಸಿನಿಂದ ಬಂದ ಪಟೇಲ ಮೊದಲು ಗೋಡೆಗೆ ಮುಖ ಮಾಡಿ ದಿನವಿಡೀ ತೂಗಾಡುತ್ತಿದ್ದನಂತೆ. ಈಗ ಭುಜ ಅಗಲಿಸಿ ಪಂಚಾಯ್ತಿಗೆ ಹೊರಟವನಂತೆ ನಡೆಯುತ್ತಾನೆ. ಮುದುಕಿ ಶಾರದೆ ತನ್ನ ಕೈಯ ರೋಮವನ್ನು ತಾನೇ ಕಿತ್ತು ಬೋಳು ಮಾಡಿಕೊಂಡಿದ್ದಳು. ಈಗ ಕೈ ತುಂಬ ರೋಮ ಬಂದಿದೆ, ಜಗಳವಾದರೆ ನಡುವೆ ಹೋಗಿ ಕೂರುವವಳು ಅವಳೇ. ಉಳಿದಿಬ್ಬರಲ್ಲಿ ಕರಿಯ ಎಂಬವನು ಸೋಮಾರಿ, ಚಿಟ್ಟೆ ಎಂಬವಳು ಕಳ್ಳಿ. ‘ಇಲ್ಲಿಗೆ ಬಂದಾಗ ಇದ್ದ ಹಾಗೆ ಒಂದೂ ಉಳಿದಿಲ್ಲ, ಪುಷ್ಪಕ್ಕ,’ ಎಂದು ಶ್ರೀಕರ ಹೇಳುತ್ತಿದ್ದ. ಅವನು ಬಾಗಿಲು, ಬೀಗ, ಬೇಲಿಯ ಉಸ್ತುವಾರಿಯವನು. ‘ಗುಂಪು ಸೇರಿದ್ಮೇಲೇ ಇವುಕ್ಕೆ ತಾವು ಯಾರು ಅಂತ ಗೊತ್ತಾಗೋದು.’

ರೋಸಿ ಇನ್ನೂ ಗುಂಪು ಸೇರಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಅವಳು ಸೇರಲೇಬೇಕಿತ್ತು. ಮಾಸ್ತಿಕಟ್ಟೆಯ ಮಳೆ ಹಿಡಿದರೆ ಹೊರಗಿನ ಬಯಲಿಗೆ ಬಿಡುವಂತಿಲ್ಲ, ಎಲ್ಲವೂ ಒಳಮನೆಯಲ್ಲೇ ತಿಂಗಳುಗಟ್ಟಲೆ ಒಟ್ಟಿಗೆ ಇರಬೇಕು. ಅಷ್ಟು ದಿನ ಒಂಟಿಯಾಗಿ ಇಡುವಂಥ ಬೇರೆ ಕೋಣೆಯಿಲ್ಲ. ಸೇರದಿದ್ದರೆ ಅವಳನ್ನು ಉತ್ತರದ ಕಡೆಯ ಒಂದು ಮೃಗಾಲಯಕ್ಕೆ ಕೊಡುವುದೆಂದು ಟ್ರಸ್ಟಿನಲ್ಲಿ ಮಾತಾಗಿತ್ತು. ಅಲ್ಲಿ ಒಂಟಿ ಪಂಜರ, ಎದುರಿಗೆ ಟಿಕೆಟು ಕೊಂಡು ಬಂದ ಜನ. ‘ಅಲ್ಲಿ ಇಡೀ ದಿನ ಕೈ ಮುಗೀತಾ ಕೂರ್ತಾಳೆ ಇವಳು,’ ಎಂದು ಭಾವನಾ ಹೇಳಿದ್ದಳು.

ಬಾಗಿಲು ತೆಗೆಯುವ ದಿನ ಗೊತ್ತಾಯಿತು. ಭಾವನಾ ಎಲ್ಲರನ್ನೂ ಕೂರಿಸಿಕೊಂಡು ನಿಯಮ ಹೇಳಿದಳು. ಹೊಸಬಳನ್ನು ಗುಂಪಿಗೆ ಬಿಡುವಾಗ ಒಳಗೆ ತಿನ್ನುವುದು ಏನೂ ಇರಕೂಡದು, ಒಂದು ಕಡಲೆಬೀಜವೂ. ಒಬ್ಬಳ ಕೈಯಲ್ಲಿ ತಿಂಡಿ ಇದ್ದರೆ ಉಳಿದವು ಅವಳ ಮೇಲೆ ಬೀಳುತ್ತವೆ. ಪುಷ್ಪಮ್ಮ ತಲೆಯಾಡಿಸಿದಳು. ಹಿಂದಿನ ಸಂಜೆಯೇ ಒಳಮನೆಯ ಮೂಲೆ ಮೂಲೆ ಗುಡಿಸಿದವಳು ಅವಳು.

ಆದರೆ ಮನೆಗೆ ಹೋದ ಮೇಲೆ ಕೈ ಕಾಲು ನಿಲ್ಲಲಿಲ್ಲ. ಪಾತ್ರೆ ತೊಳೆದದ್ದನ್ನೇ ತೊಳೆದಳು. ಬಿಂದುವನ್ನು ಗಂಡನ ಮನೆಗೆ ಕಳಿಸುವ ಹಿಂದಿನ ದಿನವೂ ಹೀಗೇ ಆಗಿತ್ತು. ಪೆಟ್ಟಿಗೆ ತೆಗೆದು ಒಂದು ಹಳೆಯ ಹತ್ತಿ ಸೀರೆ ಹುಡುಕಿ, ಅರ್ಧ ಹರಿದು, ಅದರ ಸೆರಗಿನಲ್ಲಿ ಒಂದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ, ಎರಡು ಬಾಳೆಹಣ್ಣು ಇಟ್ಟು ಗಂಟು ಹಾಕಿದಳು. ಹೆಣ್ಣನ್ನು ಬರಿಗೈಯಲ್ಲಿ ಹೇಗೆ ಕಳಿಸುವುದು? ಅದು ಮಡಿಲಕ್ಕಿ. ತವರಿನಿಂದ ಹೊರಡುವ ಹೆಣ್ಣಿನ ಮಡಿಲಿಗೆ ಹಾಕಿ ಕಳಿಸುವ ಅಕ್ಕಿ ಕಾಯಿ. ಅದು ತಿನ್ನುವ ಪದಾರ್ಥ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಯಾರಾದರೂ ಕಂಡರೆ ನಕ್ಕಾರೆಂದು, ಬೆಳಿಗ್ಗೆ ನೆಲ ತೊಳೆಯುವ ನೆಪದಲ್ಲಿ, ತಿಂಡಿ ಕೊಡುವ ಕಿಂಡಿಯಿಂದ ಆ ಗಂಟನ್ನು ರೋಸಿಯ ಕೈಗೆ ಕೊಟ್ಟಳು. ರೋಸಿ ಮೂಸಿ ನೋಡಿ, ಎದೆಗೆ ಒತ್ತಿಕೊಂಡು, ಬೆನ್ನು ತಿರುಗಿಸಿ ಕೂತಳು. ಶ್ರೀಕರ ಆಚೆಯಿಂದ ಬಾಗಿಲು ಎಳೆದಾಗ ಅವಳ ಮಡಿಲಲ್ಲಿ ಏನಿದೆಯೆಂದು ಯಾರಿಗೂ ಕಾಣಲಿಲ್ಲ.

ಮೊದಲು ಬಂದದ್ದು ಶಾರದೆ. ಕೈ ಚಾಚಿದಳು. ರೋಸಿ ಕೈ ಚಾಚಲು ಹೋದಾಗ ಗಂಟು ಸಡಿಲಿ ತೆಂಗಿನಕಾಯಿ ಸಿಮೆಂಟು ನೆಲದ ಮೇಲೆ ಉರುಳಿತು. ಆಮೇಲೆ ಅಡುಗೆಮನೆಯಲ್ಲಿದ್ದ ಪುಷ್ಪಮ್ಮನಿಗೆ ಕೇಳಿಸಿದ್ದು ಚೀತ್ಕಾರ ಮಾತ್ರ. ಕಬ್ಬಿಣದ ಸದ್ದು, ನೀರಿನ ಪೈಪಿನ ಸದ್ದು, ಶ್ರೀಕರನ ಕೂಗು. ಓಡಿಬಂದು ನೋಡಿದಾಗ ಪಟೇಲ ಮೇಲಿನ ಹಲಗೆಯಲ್ಲಿ ಕಾಯಿ ಹಿಡಿದು ಕೂತಿದ್ದ. ಚಿಟ್ಟೆಯ ಬಾಯಲ್ಲಿ ಬೆಲ್ಲ. ರೋಸಿ ಮೂಲೆಯಲ್ಲಿ. ಕಿವಿ ಹರಿದು ರಕ್ತ ಭುಜಕ್ಕೆ ಇಳಿದಿತ್ತು. ಅವಳು ಪಟೇಲನಿಗೆ ಕೈ ಮುಗಿಯುತ್ತಿದ್ದಳು, ಮತ್ತೆ ಮತ್ತೆ. ಪಟೇಲನಿಗೆ ಅದರ ಅರ್ಥವೇ ಗೊತ್ತಿರಲಿಲ್ಲ.

ಶ್ರೀಕರ ಕೋಲಿನಿಂದ ಸೀರೆಯ ಚೂರನ್ನು ಎಳೆದುಕೊಂಡ. ಹಸಿರು ಅಂಚು. ಕೇಳುವ ಅಗತ್ಯವಿರಲಿಲ್ಲ. ಪುಷ್ಪಮ್ಮನೇ ಹೇಳಿದಳು, ‘ನಾನೇ ಕೊಟ್ಟಿದ್ದು. ಮಡಿಲಕ್ಕಿ ಅಂತ.’

ಭಾವನಾ ಕೈಗವಸು ಕಳಚುತ್ತ ಅವಳ ಮುಖವನ್ನೇ ನೋಡಿದಳು. ‘ಮಡಿಲಕ್ಕಿ,’ ಎಂದಳು. ‘ನಾನು ಅಷ್ಟೊತ್ತು ಹೇಳಿದ್ದು ಯಾರಿಗೆ ಪುಷ್ಪಮ್ಮ? ಗೋಡೆಗಾ?’

‘ತಿನ್ನೋದು ಬೇಡ ಅಂದ್ರಿ ಡಾಕ್ಟ್ರಮ್ಮ. ಇದು ತಿನ್ನೋದು ಅಂತ ನಂಗೆ...’

‘ಪಟೇಲನಿಗೆ ಗೊತ್ತಿತ್ತಲ್ಲ.’

ಅಂದಿನಿಂದ ಪುಷ್ಪಮ್ಮ ಅಡುಗೆಮನೆ ಬಿಟ್ಟು ಈಚೆ ಬರಕೂಡದು ಎಂದಾಯಿತು. ರೋಸಿಯ ಕಿವಿ ಒಣಗಿತು. ಆದರೆ ಅವಳು ಕೂರುವುದು ಮಾತ್ರ ಅಡುಗೆಮನೆಯ ಕಡೆಯ ಕಿಟಕಿಯ ಬುಡದಲ್ಲೇ. ಪಕ್ಕದ ಕೋಣೆಯ ಜಾಲರಿಯಿಂದ ಶಾರದೆ ಕರೆದರೂ ತಿರುಗುತ್ತಿರಲಿಲ್ಲ. ಇತ್ತ ಬಳೆಯ ಸದ್ದಾದರೆ ಸಾಕು, ಎದ್ದು ನಿಂತು ಉಸಿರು ಕಟ್ಟಿ ಕೂಗುತ್ತಿದ್ದಳು. ಪುಷ್ಪಮ್ಮ ಬಳೆಗಳಿಗೆ ಬಟ್ಟೆ ಸುತ್ತಿದಳು. ಚಪ್ಪಲಿ ಹೊರಗೇ ಬಿಟ್ಟು ಬರಿಗಾಲಲ್ಲಿ ಓಡಾಡಿದಳು. ತನ್ನ ಕೈಯನ್ನು ತಾನೇ ಕೆರೆದುಕೊಂಡಳು. ಮನೆಯಲ್ಲಿ ಅನ್ನ ತಳ ಹಿಡಿಯಿತು.

‘ಹೋಯ್, ನಾನೂ ಒಂದು ಕಿವಿ ಹರಿಸ್ಕೊಂಡು ಬರ್ತೀನಿ, ಆಗಾದ್ರೂ ನನ್ನ ಕಡೆ ನೋಡ್ತೀಯೇನೋ,’ ಎಂದ ಗುತ್ಯಪ್ಪ.

‘ಸುಮ್ನಿರಿ.’

‘ಸುಮ್ನಿದ್ರೆ ಸೀದ ಅನ್ನ ತಿನ್ಬೇಕಲ್ಲ ಮಾರಾಯ್ತಿ.’

ಎರಡನೆಯ ಸಲ ಬಾಗಿಲು ತೆಗೆದಾಗ ಶಾರದೆಯೊಬ್ಬಳನ್ನೇ ಬಿಟ್ಟರು. ಪುಷ್ಪಮ್ಮ ಅಡುಗೆಮನೆಯಲ್ಲಿ ಒಲೆಯೂ ಹಚ್ಚದೆ ಕಲ್ಲಿನಂತೆ ಕೂತಿದ್ದಳು. ಹಲಸಿನ ಹಣ್ಣಿನ ಮೇಣ ಕೈಗೆ ಅಂಟಿ ಒಣಗುತ್ತಿತ್ತು. ಆಚೆ ಶಾರದೆ ಮೆಲ್ಲನೆ ಗೊರಗೊರ ಮಾಡಿದ್ದು ಕೇಳಿಸಿತು. ರೋಸಿಯ ಸದ್ದೂ ಕೇಳಿಸಿತು, ಅದು ಹತ್ತಿರ ಹತ್ತಿರವಾಗುತ್ತಿತ್ತು. ಆಗ ಪುಷ್ಪಮ್ಮನಿಗೆ ಸೀನು ಬಂತು. ಸೆರಗು ಬಾಯಿಗೆ ತುರುಕಿದರೂ ತಡೆಯಲಾಗಲಿಲ್ಲ. ಆ ಕಡೆ ಗೊರಗೊರ ನಿಂತಿತು. ಮತ್ತೆ ರೋಸಿಯ ಓಟ, ಕಿಟಕಿಯ ಬುಡದಲ್ಲಿ ಅವಳ ಕೂಗು.

ಭಾವನಾ ಈ ಸಲ ಬೈಯಲಿಲ್ಲ. ಬಂದು ಮಣೆಯ ಮೇಲೆ ಕೂತು, ಒಂದು ಲೋಟ ನೀರು ಕುಡಿದು ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಪುಷ್ಪಮ್ಮನಿಗೆ.

ಸಂಜೆ ಹೊರಡುವಾಗ ಅವಳು ಭಾವನಾಳ ಕೋಣೆಯ ಬಾಗಿಲಲ್ಲಿ ನಿಂತಳು. ‘ಡಾಕ್ಟ್ರಮ್ಮ, ನಾನು ರಜೆ ಹಾಕ್ತೀನಿ. ತವರುಮನೆಗೆ ಹೋಗ್ತೀನಿ. ಮಳೆ ಹಿಡಿಯೋವರೆಗೂ ಬರೋದಿಲ್ಲ.’

ಭಾವನಾ ತಲೆಯೆತ್ತಿದಳು. ‘ನಾನು ಹಾಗೆ ಹೇಳ್ಲಿಲ್ಲ, ಪುಷ್ಪಮ್ಮ.’

‘ನೀವು ಹೇಳೋದಿಲ್ಲ ಅಂತ ಗೊತ್ತು.’

ರೋಸಿಗೆ ಹೇಳಿ ಹೋಗುವ ಹಾಗೂ ಇರಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟೆಯ ನೀರಲ್ಲಿ ಅಜ್ಜನ ಮನೆ ಮುಳುಗಿ ಹೋದ ಮೇಲೆ ಸಾಗರದ ಈಚೆ ಕಟ್ಟಿಕೊಂಡ ಮನೆ ಅವಳ ತವರು. ತಮ್ಮ ಕುಮಾರ, ಅವನ ಹೆಂಡತಿ ಜಲಜಾಕ್ಷಿ. ಬಾಗಿಲಲ್ಲೇ ಜಲಜಾಕ್ಷಿ ತಡೆದಳು. ‘ಅತ್ಗೆ, ಬೇಜಾರು ಮಾಡ್ಕೋಬೇಡಿ. ಬಚ್ಚಲಲ್ಲಿ ನೀರು ಕಾದಿದೆ. ಆ ಸೀರೆ ಹೊರಗೇ ನೆನೆಹಾಕಿ. ಮಂಗನ ಕಾಯಿಲೆ ಹರಡೋ ಉಣುಗು ಗಿಣುಗು ಇದ್ರೆ ಕಷ್ಟ.’

‘ಉಣುಗು ಕಾಡಿನ ಮಂಗನ ಮೈಲಿರೋದು. ನಮ್ಮಲ್ಲಿರೋವು ದಿನಾ ಡಾಕ್ಟ್ರು ನೋಡೋವು. ನಿನ್ನ ಕೊಟ್ಟಿಗೆ ಎಮ್ಮೆ ಮೈ ಮೊದ್ಲು ನೋಡು.’

ಜಲಜಾಕ್ಷಿ ಸರಿದು ದಾರಿ ಬಿಟ್ಟಳು. ಊಟಕ್ಕೆ ಕೂತಾಗ ಗಂಡನಿಗೆ ದೂರು ಕೊಟ್ಟಳು. ‘ಅತ್ಗೆ ಮೊದಲು ಹೀಗೆ ಎದುರು ಮಾತಾಡೋರಲ್ಲ.’

ಕುಮಾರ ನಕ್ಕ. ‘ನೀನು ನೋಡಿದ್ದು ಮದುವೆ ಆದ ಅಕ್ಕನ್ನ. ಅದಕ್ಕೂ ಮೊದ್ಲು ಇವಳ ಬಾಯಿಗೆ ಹೆದರಿ ನಾನು ಹಲಸಿನ ಮರ ಹತ್ತಿ ಕೂರ್ತಿದ್ದೆ. ಅಪ್ಪನೇ ಹೆದರ್ತಿದ್ರು.’

ಪುಷ್ಪಮ್ಮ ಅನ್ನ ಕಲಸುವ ಕೈ ನಿಲ್ಲಿಸಿದಳು. ಅಂಥ ಒಬ್ಬಳು ಇದ್ದಳು ಎಂಬುದೇ ಅವಳಿಗೆ ಮರೆತುಹೋಗಿತ್ತು. ಅತ್ತೆಯ ಮನೆಯಲ್ಲಿ ಅವಳಿಗೆ ಸಾಧು ಎಂದು ಹೆಸರು. ಎಂಥ ಸಾಧು ಸೊಸೆ, ಒಂದು ಮಾತಿಲ್ಲ ಎಂದು ಬಂದವರೆಲ್ಲ ಹೊಗಳುವಾಗ ಅವಳು ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದಳು. ಹೊಗಳಿಕೆ ಕೇಳಿ ಖುಷಿಯೂ ಆಗುತ್ತಿತ್ತು. ಆಗ ತನ್ನ ಬೆರಳು ನಡುಗುತ್ತಿತ್ತೇ? ಯಾರೂ ನೋಡಿರಲಿಲ್ಲ, ಅವಳೂ ನೋಡಿಕೊಂಡಿರಲಿಲ್ಲ.

ತವರಿನಲ್ಲಿ ಅವಳಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಗುಡಿಸಿದ ಅಂಗಳ ಗುಡಿಸಿದಳು. ಮಧ್ಯಾಹ್ನ ಬಸ್ಸು ಬರುವ ಹೊತ್ತಿಗೆ ರಸ್ತೆಗೆ ಹೋಗಿ ನಿಲ್ಲುವುದೊಂದೇ ಕೆಲಸ. ಶ್ರೀಕರ ಗುತ್ಯಪ್ಪನಿಗೆ ಸುದ್ದಿ ಹೇಳುತ್ತಿದ್ದ, ಗುತ್ಯಪ್ಪ ಬಾಗಿಲಲ್ಲಿ ನೇತಾಡುತ್ತ ಅದನ್ನು ಹೆಂಡತಿಗೆ ಎಸೆದು ಹೋಗುತ್ತಿದ್ದ.

‘ಎರಡು ದಿನ ಉಪವಾಸವಂತೆ, ಸತ್ಯಾಗ್ರಹ.’

ಮತ್ತೊಂದು ದಿನ, ‘ಶಾರದೆ ಪಕ್ಕ ಮಲಗಿತ್ತಂತೆ.’

ಮತ್ತೊಂದು ದಿನ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕೂಗಿದ, ‘ನಿನ್ನ ರೋಸಿ ಪಟೇಲನ ಗೆಣಸಿಗೇ ಕೈ ಹಾಕ್ತಂತೆ ಕಣೇ. ಶ್ರೀಕರನ ಮುಖಕ್ಕೆ ನೀರು ಉಗೀತಂತೆ. ಭಾರಿ ಜೋರಾಗಿದೆ.’

ಬಸ್ಸಿನಲ್ಲಿದ್ದವರು ನಕ್ಕರು. ಪುಷ್ಪಮ್ಮನೂ ನಕ್ಕಳು. ಬಸ್ಸು ಹೋದ ಮೇಲೆ ಅದೇ ಜಾಗದಲ್ಲಿ ನಿಂತಿದ್ದಳು. ರೋಸಿ ಸೇರಿಕೊಳ್ಳಲಿ ಎಂದೇ ತಾನು ಬಂದದ್ದು. ಸೇರಿಕೊಂಡಳು ಎಂದರೆ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಏಕೆ? ಉಪವಾಸವಂತೆ ಎಂದ ದಿನ ತಾನು ಹೊಟ್ಟೆ ತುಂಬ ಉಂಡದ್ದು ನೆನಪಾಗಿ ನಾಚಿಕೆಯಾಯಿತು. ತನಗಾಗಿ ಒಬ್ಬಳು ಹಸಿದು ಕೂತಿದ್ದಾಳೆ ಎಂಬುದು ಅವಳಿಗೆ ಅಷ್ಟು ರುಚಿಸಿತ್ತು.

ಮುಂಗಾರಿನ ಮೊದಲ ಮೋಡ ಕಟ್ಟಿದ ದಿನ ಅವಳು ಹೊರಟಳು. ಜಲಜಾಕ್ಷಿ ಮಣೆ ಹಾಕಿ ಕೂರಿಸಿ, ಕುಂಕುಮವಿಟ್ಟು, ಹೂ ಮುಡಿಸಿ, ಸೆರಗು ಒಡ್ಡಿಸಿ, ಅಕ್ಕಿ, ಕಾಯಿ, ಬೆಲ್ಲ, ವೀಳ್ಯದೆಲೆ ಹಾಕಿದಳು. ‘ಅತ್ಗೆ, ಬಾಯಿ ಜೋರಾದ್ರೂ ನೀವಿದ್ರೆ ಮನೆ ಮನೆಯಂಗೆ ಇರ್ತದೆ. ಬರ್ತಾ ಇರಿ.’

ಬಸ್ಸಿನಲ್ಲಿ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಪುಷ್ಪಮ್ಮನಿಗೆ ಹಳೆಯದೆಲ್ಲ ನೆನಪಾಯಿತು. ತವರಿನಿಂದ ಬಂದಾಗಲೆಲ್ಲ ಅತ್ತೆ ಅಂಗಳದಲ್ಲೇ ಕೈಚಾಚಿ ಗಂಟು ಇಸಿದುಕೊಳ್ಳುತ್ತಿದ್ದರು. ಅಕ್ಕಿ ಡಬ್ಬಕ್ಕೆ, ಬೆಲ್ಲ ಮಕ್ಕಳಿಗೆ, ಕಾಯಿ ಸಾರಿಗೆ. ಅದರಲ್ಲಿ ಒಂದು ಚೂರು ಕಾಯಿಯೂ ತನ್ನ ಬಾಯಿಗೆ ಬಿದ್ದದ್ದಿಲ್ಲ. ಆ ಗಂಟಿನ ಮೇಲೆ ಎಲ್ಲರ ಕಣ್ಣಿರುತ್ತದೆ ಎಂದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಗೊತ್ತಿದ್ದೂ ಅದನ್ನೇ ಕಟ್ಟಿ ಕೊಟ್ಟಿದ್ದಳು.

ಮಾಸ್ತಿಕಟ್ಟೆಯಲ್ಲಿ ಇಳಿದು ಮನೆಗೂ ಹೋಗದೆ ನೇರ ಆಶ್ರಮಕ್ಕೆ ನಡೆದಳು. ಶ್ರೀಕರ ಗೇಟು ತೆಗೆದು, ‘ಬಂದ್ರಾ ಪುಷ್ಪಕ್ಕ? ಡಾಕ್ಟ್ರು ಕರ್ಕೊಂಡು ಬಾ ಅಂದಿದಾರೆ. ದೂರದಿಂದ ನೋಡ್ಬಹುದು,’ ಎಂದ. ಮಳೆ ಇನ್ನೂ ಬಿದ್ದಿರಲಿಲ್ಲ. ಐದೂ ಹೊರಬಯಲಿನಲ್ಲಿದ್ದವು.

ಮೊದಲು ಗುರುತೇ ಸಿಗಲಿಲ್ಲ. ಮಧ್ಯದ ಮರದ ಕೊರಡಿನ ಮೇಲೆ ಕಾಲು ಚಾಚಿ, ಶಾರದೆಯ ಬೆನ್ನಿಗೆ ಒರಗಿ, ಚಿಟ್ಟೆಯ ತಲೆ ನೋಡುತ್ತಿದ್ದವಳು ರೋಸಿ. ಹರಿದ ಕಿವಿಯಿಂದ ಗೊತ್ತಾಯಿತು. ಮೈ ಕೆದರಿತ್ತು, ಮೂತಿಯ ಮೇಲೆ ಮಣ್ಣು. ಫ್ರಾಕು ತೊಟ್ಟು ಟೀ ಹಿಡಿದವಳು ಎಂದರೆ ಯಾರೂ ನಂಬುವ ಹಾಗಿರಲಿಲ್ಲ.

ಗಾಳಿ ತಿರುಗಿರಬೇಕು. ರೋಸಿ ತಲೆಯೆತ್ತಿ ಮೂಸಿದಳು. ಎದ್ದು ಬಂದಳು, ಓಡದೆ. ಬೇಲಿಯ ಹತ್ತಿರ ನಿಂತು ಪುಷ್ಪಮ್ಮನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಪುಷ್ಪಮ್ಮನ ಕಾಲು ಅವಳಿಗೇ ತಿಳಿಯದೆ ಮುಂದೆ ಹೋಗಿತ್ತು. ರೋಸಿ ಕೈ ಮುಗಿಯಲಿಲ್ಲ. ಕೈ ಚಾಚಿದಳು. ಕಣ್ಣು ಇದ್ದದ್ದು ಮಡಿಲಿನ ಗಂಟಿನ ಮೇಲೆ.

ಹಿಂದೆ ಪಟೇಲ ಎದ್ದು ನಿಂತ. ಕರಿಯ ಮರದಿಂದ ಇಳಿದ. ಚಿಟ್ಟೆ ಎರಡು ಹೆಜ್ಜೆ ಮುಂದೆ ಬಂದಳು.

‘ಪುಷ್ಪಕ್ಕ,’ ಎಂದ ಶ್ರೀಕರ, ಮೆಲ್ಲನೆ.

ರೋಸಿಯ ಬೆರಳು ಮಡಚಿ ಬಿಡಿಸಿ ಕೇಳುತ್ತಿತ್ತು. ಅದೇ ಬೆರಳು, ಸುಟ್ಟ ಕಲೆಯನ್ನು ಮುಟ್ಟಿದ್ದು. ಒಂದು ಚೂರು ಬೆಲ್ಲ ಕೊಟ್ಟರೆ ಅದು ಮತ್ತೆ ತನ್ನ ಕೈಯನ್ನು ಹುಡುಕಿ ಬರುತ್ತದೆ, ನಾಳೆಯೂ ಬರುತ್ತದೆ. ಪುಷ್ಪಮ್ಮ ಗಂಟನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದಳು. ಒಂದು ಹೆಜ್ಜೆ ಹಿಂದೆ ಇಟ್ಟಳು. ಇನ್ನೊಂದು.

ರೋಸಿಯ ರೋಮ ನಿಮಿರಿತು. ಬಾಯಿ ತೆರೆದು ಅರಚಿದಳು. ಬಗ್ಗಿ ಒಂದು ಹಿಡಿ ಮಣ್ಣು ಬಾಚಿ ಎಸೆದಳು. ಗುರಿ ತಪ್ಪಲಿಲ್ಲ. ಪುಷ್ಪಮ್ಮನ ಕೆನ್ನೆ, ಕುತ್ತಿಗೆ, ಜಲಜಾಕ್ಷಿ ಮುಡಿಸಿದ ಹೂವಿನ ಮೇಲೆಲ್ಲ ಮಣ್ಣು. ರೋಸಿ ಬೆನ್ನು ತಿರುಗಿಸಿ, ಅರಚುತ್ತಲೇ ಶಾರದೆಯತ್ತ ಓಡಿದಳು. ಮುದುಕಿ ತೋಳು ತೆರೆದಳು, ರೋಸಿ ಅದರೊಳಗೆ ಮುಖ ಹುದುಗಿಸಿದಳು. ಪಟೇಲ ಬಂದು ಪಕ್ಕದಲ್ಲಿ ಧಿಮ್ಮನೆ ಕೂತ, ಪುಷ್ಪಮ್ಮನನ್ನು ದುರುಗುಟ್ಟಿ ನೋಡುತ್ತ. ನಮ್ಮವಳ ತಂಟೆಗೆ ಬಂದವರು ಯಾರು ಎನ್ನುವ ಹಾಗೆ.

‘ನಂಗೆ ನೀರು ಉಗುಳಿದ್ದೇ ವಾಸಿ,’ ಎಂದ ಶ್ರೀಕರ.

ಪುಷ್ಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣಿಗೂ ಮಣ್ಣು ಬಿದ್ದಿತ್ತು, ನೀರು ಬರುತ್ತಿತ್ತು. ‘ಉತ್ತರಕ್ಕೆ ಕಳಿಸೋ ಮಾತು?’

‘ಡಾಕ್ಟ್ರು ನಿನ್ನೆನೇ ಫೋನ್ ಮಾಡಿ ಬೇಡ ಅಂದ್ರು.’

ಅವಳು ಅಡುಗೆಮನೆಗೆ ಹೋದಳು. ಗಂಟು ಬಿಚ್ಚಿ ತೆಂಗಿನಕಾಯಿ ತೆಗೆದು, ಕಲ್ಲಿಗೆ ಕುಟ್ಟಿ ಒಡೆದು, ನೀರನ್ನು ಪಾತ್ರೆಗೆ ಬಸಿದು, ಕತ್ತಿಯಿಂದ ಕಾಯಿ ಎಬ್ಬಿಸಿದಳು. ಸಂಜೆಯ ಗೆಣಸಿನ ಬುಟ್ಟಿಯಲ್ಲಿ ಅದನ್ನು ಚೂರು ಚೂರಾಗಿ ಬೆರೆಸಿ ಶ್ರೀಕರನ ಕೈಗೆ ಕೊಟ್ಟಳು. ‘ಒಂದೇ ಕಡೆ ಹಾಕ್ಬೇಡ. ಬಯಲು ತುಂಬ ಚೆಲ್ಲು.’

‘ನಂಗೇ ಹೇಳ್ತೀರಲ್ಲ ಪುಷ್ಪಕ್ಕ,’ ಎಂದು ನಗುತ್ತ ಅವನು ಹೋದ.

ಆ ಕಡೆ ಗದ್ದಲವೆದ್ದಿತು. ತಿನ್ನುವ ಗದ್ದಲ. ಐದರಲ್ಲಿ ರೋಸಿಯ ದನಿ ಯಾವುದು ಎಂದು ಅವಳು ಕಿವಿಗೊಟ್ಟಳು. ಸಿಗಲಿಲ್ಲ. ಇನ್ನೊಮ್ಮೆ ಕಿವಿಗೊಟ್ಟಳು. ಬಳೆಗೆ ಸುತ್ತಿದ್ದ ಬಟ್ಟೆ ಇನ್ನೂ ಹಾಗೆಯೇ ಇತ್ತು. ಗಂಟು ಬಿಗಿದುಹೋಗಿ ಬೆರಳಿಗೆ ಸಿಗದೆ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಬಳೆಗಳು ಜಾರಿ ಒಂದಕ್ಕೊಂದು ತಾಗಿದವು.

ಗದ್ದಲ ನಿಲ್ಲಲಿಲ್ಲ. ಯಾರೂ ಕಿಟಕಿಯ ಬುಡಕ್ಕೆ ಓಡಿ ಬರಲಿಲ್ಲ.

ಕತ್ತಿಯ ಪಕ್ಕ ಒಂದು ಚೂರು ಕಾಯಿ ಉಳಿದಿತ್ತು. ಪುಷ್ಪಮ್ಮ ಅದನ್ನು ಬುಟ್ಟಿಗೆ ಹಾಕಲು ಎತ್ತಿಕೊಂಡಳು, ಬುಟ್ಟಿ ಇರಲಿಲ್ಲ. ಮಣೆಯ ಮೇಲೆ ಕೂತು, ಬೆಲ್ಲದ ಅಚ್ಚಿನ ಒಂದು ಮೂಲೆ ಮುರಿದು, ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ಮೊದಲ ಹನಿಗಳು ತಗಡಿನ ಮೇಲೆ ಬಿದ್ದಾಗ ಅವಳಿನ್ನೂ ಅಗಿಯುತ್ತಿದ್ದಳು.